ಇರುವೆ ತಿಂದ ಪಿರಮಿಡ್

ಕ್ಯಾನಿಂಗ್ಟನ್, ಪರ್ತ್
12 ಮೇ 2024

ಮುದ್ದಿನ ತನೂ,

ಮೊದಲನೆಯ ಸುದ್ದಿ, ನನಗೆ ಮದುವೆಯಾಗಿದೆ! ನಿನಗೆ ಗೊತ್ತು, ಫೆಬ್ರವರಿಯಲ್ಲಿ ಅಡಿಲೇಡಿನಿಂದ ಮೈಸೂರಿನವರೆಗೆ ಬಂದು ನನ್ನ ಸೆರಗು ಸರಿಮಾಡುತ್ತ ಪಕ್ಕದಲ್ಲೇ ನಿಂತಿದ್ದವಳು ನೀನು. ಆದರೂ ದಿನಕ್ಕೊಬ್ಬರಿಗಾದರೂ ಹೇಳದಿದ್ದರೆ ನನಗೆ ತಡೆಯುವುದಿಲ್ಲ. ನಿನ್ನೆ ಬಸ್ ಡ್ರೈವರಿಗೆ ಹೇಳಿದೆ. "ಗುಡ್ ಆನ್ ಯಾ, ಲವ್" ಅಂದ. ಟಿಕೆಟ್ ಮಾತ್ರ ಬಿಡಲಿಲ್ಲ.

ನೀನು ಉಡುಗೊರೆಯಾಗಿ ಕೊಟ್ಟ ಲೆಟರ್ ಪ್ಯಾಡನ್ನು ಇವತ್ತು ತೆರೆದೆ. "ವಾಟ್ಸಾಪ್‌ನಲ್ಲಿ ಬರೀ ಹಾರ್ಟ್ ಕಳಿಸ್ತೀಯ ಕಣೇ ಪೂರಿ, ಕನ್ನಡದಲ್ಲಿ ಕಾಗದ ಬರಿ" ಅಂದಿದ್ದೆಯಲ್ಲ, ತಗೋ. ನನ್ನ ಕನ್ನಡ ಎಷ್ಟು ಬರುತ್ತದೋ ಅಷ್ಟೇ. ನಮ್ಮ ಕಾನ್ವೆಂಟಿನಲ್ಲಿ ಕನ್ನಡ ಮಾತಾಡಿದರೆ ಬೆಂಚಿನ ಮೇಲೆ ನಿಲ್ಲಿಸುತ್ತಿದ್ದರು, ಬರೆದರೆ ಮಾತ್ರ ಯಾರಿಗೂ ಏನೂ ತಿಳಿಯುತ್ತಿರಲಿಲ್ಲ. ಫಿಲೋಮಿನಾ ಮಿಸ್ ಕೇರಳದವರು. ನಮ್ಮ ಚೀಟಿ ಸಿಕ್ಕಿಬಿದ್ದರೆ ತಲೆಕೆಳಗು ಮಾಡಿ ನೋಡಿ, "ಈಸ್ ದಿಸ್ ಅಬೌಟ್ ಮಿ?" ಎಂದು ಕೇಳುತ್ತಿದ್ದರು. ಯಾವಾಗಲೂ ಅವರ ಬಗ್ಗೆಯೇ ಇರುತ್ತಿತ್ತು! ನನ್ನ ಕನ್ನಡವೆಲ್ಲ ಆ ಚೀಟಿಗಳಲ್ಲಿ ಕಲಿತದ್ದು.

ಈಗಲೂ ಅದೇ ಅನುಕೂಲ. ನನ್ನ ಉತ್ತಮ್ ಬ್ರಿಸ್ಬೇನಿನಲ್ಲೇ ಹುಟ್ಟಿ ಬೆಳೆದವನು. ಕನ್ನಡ ಅರ್ಥವಾಗುತ್ತದೆ, ಉತ್ತರ ಇಂಗ್ಲಿಷಿನಲ್ಲಿ ಬರುತ್ತದೆ, ಓದಲು ಒಂದಕ್ಷರವೂ ಗೊತ್ತಿಲ್ಲ. ಈಗ ನನ್ನ ಹೆಗಲ ಮೇಲಿಂದ ಬಗ್ಗಿ ನೋಡಿ, "ಈಸ್ ದಿಸ್ ಅಬೌಟ್ ಮಿ?" ಅಂದ. ದೇವರಾಣೆ ಅದೇ ಮಾತು! ನಕ್ಕು ನಕ್ಕು ಕಾಫಿ ಚೆಲ್ಲಿದೆ. ಅವನು ಎಷ್ಟು ಒಳ್ಳೆಯವನು ಅಂದರೆ ಚೆಲ್ಲಿದ್ದನ್ನು ತಾನೇ ಒರೆಸಿದ. ಗಣಿಯ ಕೆಲಸ, ಆಗಾಗ ಉತ್ತರಕ್ಕೆ ಹೋಗಿಬರಬೇಕು, ಅದೊಂದು ಬಿಟ್ಟರೆ ಸ್ವರ್ಗ.

ಈಗ ಅಸಲು ವಿಷಯ. ಬೆಂಟ್ಲಿಯ ಯೂನಿವರ್ಸಿಟಿಯಲ್ಲಿ ಟೀಚರ್ ಕೋರ್ಸ್ ಸೇರಿದ್ದೇನೆ. ಆಗಸ್ಟ್‌ನಲ್ಲಿ ನಿಜವಾದ ಶಾಲೆಯಲ್ಲಿ ನಿಜವಾದ ಮಕ್ಕಳ ಎದುರು ಒಂದು ಪಾಠ ಮಾಡಬೇಕು. ಇತಿಹಾಸದಲ್ಲಿ ಯಾವುದಾದರೂ ವಿಷಯ ಆರಿಸಿಕೊಳ್ಳಿ ಅಂದರು. ನಾನು ಏನು ಆರಿಸಿದೆ ಹೇಳು ನೋಡೋಣ? ಪ್ರಾಚೀನ ಮಾಯಾ ನಾಗರಿಕತೆ ಏಕೆ ಅಳಿಯಿತು! ನಮ್ಮ ಒಂಬತ್ತನೇ ಕ್ಲಾಸಿನ ಪ್ರಾಜೆಕ್ಟ್! ಆಗಿನಂತೆ ಈಗಲೂ ನೀನು ಕಾರಣಗಳನ್ನು ಬರೆದುಕೊಡಬೇಕು, ನಾನು ಬಣ್ಣ ಹಚ್ಚಬೇಕು. ನೀನು ಮಣ್ಣು ಪರೀಕ್ಷೆಯ ಲ್ಯಾಬಿನಲ್ಲಿರುವವಳು, ನಿನಗಿಂತ ಬೇಕೇ?

ನೀನು ಮೆಸೇಜ್ ಮಾಡಿದ ಪೋಸ್ಟ್ ಬಾಕ್ಸ್ ನಂಬರಿಗೇ ಕಳಿಸುತ್ತಿದ್ದೇನೆ. ಪ್ರಾಸ್ಪೆಕ್ಟ್‌ನಂಥ ಏರಿಯಾದಲ್ಲೂ ಮನೆಯ ಮುಂದಿನ ಲೆಟರ್ ಬಾಕ್ಸಿಗೆ ಕಳ್ಳರು ಕೈ ಹಾಕುತ್ತಾರೆಯೇ! ನಿನ್ನ ಪತಿದೇವ ವರುಣನಿಗೆ ನನ್ನ ನಮಸ್ಕಾರ. ಮದುವೆಗೆ ಬಾರದ್ದಕ್ಕೆ ಒಂದು ಊಟ ಬಾಕಿ ಇದೆ ಎಂದು ಹೇಳು.

ನಿನ್ನ,
ಪೂರಿ


ಅಡಿಲೇಡ್
29 ಮೇ 2024

ಪ್ರೀತಿಯ ಪೂರಿ,

ನಿನ್ನ ಕಾಗದವನ್ನು ಲ್ಯಾಬಿನ ಹಿಂದಿನ ಬೆಂಚಿನ ಮೇಲೆ ಕೂತು ಓದಿದೆ. ನಗು ಕೇಳಿ ಒಳಗಿನಿಂದ ಯಾರೋ ಇಣುಕಿ ಹೋದರು. ಅಷ್ಟು ಜೋರಾಗಿ ನಕ್ಕು ಬಹಳ ದಿನವಾಗಿತ್ತು.

ಆ ಪ್ರಾಜೆಕ್ಟಿನಲ್ಲಿ ನಿನಗೆ ನೆನಪಿರುವುದು ಬಣ್ಣ. ನನಗೆ ನೆನಪಿರುವುದು ಸಕ್ಕರೆ. ಎಲ್ಲರೂ ಥರ್ಮಕೋಲಿನಲ್ಲಿ ಮಾಡೆಲ್ ಮಾಡಿದರೆ ನಾವು ಬೇರೆ ಮಾಡಬೇಕೆಂದು ನೀನು ಹಟ ಹಿಡಿದೆ. ಸಕ್ಕರೆ ಕ್ಯೂಬಿನ ಪಿರಮಿಡ್. ನಮ್ಮ ಸರಸ್ವತಿಪುರಂ ಮನೆಯ ತಾರಸಿಯ ಮೇಲೆ ಕೂತು ಮೈದಾ ಅಂಟಿನಿಂದ ಒಂದೊಂದೇ ಕ್ಯೂಬ್ ಕೂರಿಸಿದೆವು. ಮೂರು ಕೂರಿಸಿದರೆ ಒಂದು ನಿನ್ನ ಬಾಯಿಗೆ. ಅಮ್ಮ ಬಂದು, "ಕಟ್ಟೋದಕ್ಕಿಂತ ತಿನ್ನೋದೇ ಜಾಸ್ತಿ ಆಯ್ತಲ್ರೇ" ಎಂದು ಬೈದು, ತಾನೂ ಒಂದು ಬಾಯಿಗೆ ಹಾಕಿಕೊಂಡು ಕೆಳಗೆ ಹೋದಳು. ಸಂಜೆ ಅದನ್ನು ಶಾಲೆಯಲ್ಲಿಟ್ಟು ಬಂದೆವು. ಬೆಳಿಗ್ಗೆ ಹೋಗಿ ನೋಡಿದರೆ ಕಿಟಕಿಯಿಂದ ಮೇಜಿನವರೆಗೆ ಕಪ್ಪು ಸಾಲು, ಪಿರಮಿಡ್ಡಿನ ಒಂದು ಮಗ್ಗುಲೇ ಕುಸಿದಿತ್ತು. ಮುಖ್ಯ ಅತಿಥಿಗಳ ಎದುರು ಫಿಲೋಮಿನಾ ಮಿಸ್, "ಟೆಲ್ ಅಸ್, ವೈ ಡಿಡ್ ದಿಸ್ ಗ್ರೇಟ್ ಸಿವಿಲೈಸೇಶನ್ ಡಿಕ್ಲೈನ್?" ಎಂದರು. ನಾನು ಬಾಯಿಪಾಠ ಮಾಡಿದ್ದೆಲ್ಲ ಮರೆತುಹೋಯಿತು. ನೀನು ಕೈಕಟ್ಟಿ ನಿಂತು ಹೇಳಿದೆ: "ಆಂಟ್ಸ್, ಮಿಸ್."

ಪಾಠಕ್ಕೆ ಮೊದಲ ಕಾರಣ ತಗೋ, ಬರ. ಕೆರೆಯ ತಳದ ಕೆಸರು ಪದರ ಪದರವಾಗಿ ಕೂತಿರುತ್ತದೆ. ಮಳೆ ಬಂದ ವರ್ಷಕ್ಕೊಂದು ಬಗೆ, ಬಾರದ ವರ್ಷಕ್ಕೊಂದು ಬಗೆ. ಮಾಯಾ ನಾಡಿನ ಕೆರೆಗಳಿಂದ ಅಂಥ ಕೆಸರನ್ನು ಕೊಳವೆಯಲ್ಲಿ ಎತ್ತಿ ನೋಡಿದವರು, ಒಂಬತ್ತನೆಯ ಶತಮಾನದ ಸುಮಾರಿಗೆ ಮಳೆ ಮತ್ತೆ ಮತ್ತೆ ಕೈಕೊಟ್ಟಿತ್ತು ಎನ್ನುತ್ತಾರೆ. ಆದರೆ ಪೂರಿ, ಒಂದು ಬರಕ್ಕೆ ಯಾರೂ ಊರು ಬಿಡುವುದಿಲ್ಲ. ಮುಂದಿನ ವರ್ಷ ಬರುತ್ತದೆ ಎಂದುಕೊಳ್ಳುತ್ತಾರೆ. ಅದರ ಮುಂದಿನ ವರ್ಷವೂ ಹಾಗೆಯೇ ಅಂದುಕೊಳ್ಳುತ್ತಾರೆ. ಮಕ್ಕಳಿಗೆ ಅದನ್ನು ಹೇಳು.

ಫೋನ್ ಬೇಡ ಕಣೇ, ಕಾಗದದ ರುಚಿ ಹೋಗಿಬಿಡುತ್ತದೆ. ವರುಣ ಕೆಲಸದಲ್ಲಿ ಮುಳುಗಿದ್ದಾನೆ.

ಉತ್ತಮ್‌ಗೆ ಒಂದು ಮಾತು. ಚೆಲ್ಲಿದ ಕಾಫಿ ಒರೆಸುವುದನ್ನು ಬಿಡಬಾರದಂತೆ ಎಂದು ಹೇಳು.

ತನು


ಕ್ಯಾನಿಂಗ್ಟನ್
9 ಜೂನ್ 2024

ತನೂ ತನೂ ತನೂ,

ಇರುವೆ! ಅಯ್ಯೋ, ಮರೆತೇಬಿಟ್ಟಿದ್ದೆ! ಉತ್ತಮ್‌ಗೆ ಫೋನಿನಲ್ಲಿ ಹೇಳಿದರೆ, "ಯೂ ಟೂ ವರ್ ಮೆಂಟಲ್" ಎಂದು ನಗುತ್ತಲೇ ಇದ್ದ.

ಬರದ ವಿಷಯ ಎಷ್ಟು ಚೆನ್ನಾಗಿ ಬರೆದೆ! ಇಲ್ಲಿಗೂ ಸರಿಹೊಂದುತ್ತದೆ ಗೊತ್ತಾ. ಬೇಸಿಗೆಯುದ್ದಕ್ಕೂ ಪರ್ತ್‌ನಲ್ಲಿ ಹನಿ ಬಿದ್ದಿಲ್ಲವಂತೆ, ಪಾರ್ಕುಗಳಲ್ಲಿ ದೊಡ್ಡ ದೊಡ್ಡ ಮರಗಳೇ ಕಂದುಗಟ್ಟಿ ನಿಂತಿದ್ದವು. ನಾನು ಬಂದ ಹೊಸದರಲ್ಲಿ ಅದನ್ನು ಶರತ್ಕಾಲದ ಬಣ್ಣ ಎಂದುಕೊಂಡು ಅವುಗಳ ಮುಂದೆ ನಿಂತು ಫೋಟೋ ತೆಗೆಸಿಕೊಂಡೆ! ಪಕ್ಕದ ಮನೆಯವರು ಹೇಳಿದ ಮೇಲೆ ಗೊತ್ತಾಯಿತು, ಒಣಗಿದ ಮರಗಳು ಅಂತ. ಫೋಟೋದಲ್ಲಿ ಮಾತ್ರ ಎಷ್ಟು ಸುಂದರವಾಗಿವೆ.

ಈಗ ದೊಡ್ಡ ಸುದ್ದಿ. ಸೆಪ್ಟೆಂಬರ್ ಆರಕ್ಕೆ ನನ್ನ ಮೊದಲ ಗೌರಿ ಹಬ್ಬ! ಜಯಲಕ್ಷ್ಮಿ ಅತ್ತೆ ಬ್ರಿಸ್ಬೇನಿನಿಂದ ಬರುತ್ತಾರೆ. ಬಾಗಿನದ ಮೊರಗಳನ್ನು ಸೂಟ್‌ಕೇಸಿನಲ್ಲಿಟ್ಟುಕೊಂಡು ಬರುತ್ತಾರಂತೆ, ಅರಿಶಿನ ಹಚ್ಚುವ ಕೆಲಸ ನನ್ನದಂತೆ. ಮೊದಲ ಬಾಗಿನ ಗೌರಿಗೆ. ಎರಡನೆಯದು ನಿನಗೆ. ಅಮ್ಮ ಮೈಸೂರಿನಲ್ಲಿದ್ದಾಳೆ, ಈ ದೇಶದಲ್ಲಿ ನನ್ನ ಕಡೆಯವರು ಅಂತ ಇರುವುದು ನೀನೊಬ್ಬಳೇ. ವರುಣನನ್ನೂ ಎಳೆದುಕೊಂಡು ಬಾ. ನಿಮ್ಮ ಮನೆಯ ಆ ದೊಡ್ಡ ಊಟದ ಮೇಜಿನ ಫೋಟೋಗಳನ್ನು ನೋಡಿ ನೋಡಿ ನಾನೂ ಅಂಥದ್ದೊಂದು ತಗೋಬೇಕು ಅಂತ ಉತ್ತಮ್‌ನ ತಲೆ ತಿನ್ನುತ್ತಿದ್ದೇನೆ. ಅದರ ಸುತ್ತ ಅಡಿಲೇಡಿನ ಅರ್ಧ ಕನ್ನಡಿಗರು ಕೂತಿರುತ್ತಾರಲ್ಲ! ನಿಮ್ಮಿಬ್ಬರ ಹಾಗೆ ಸಂಸಾರ ಮಾಡಬೇಕು ಅಂತ ನಾನು ಮದುವೆಗೆ ಮುಂಚೆಯೇ ತೀರ್ಮಾನ ಮಾಡಿದ್ದೆ.

ಎರಡನೆಯ ಕಾರಣ ಬೇಗ ಕಳಿಸು. ಬರುತ್ತೀಯ ಅಂತಲೂ ಬರಿ.

ನಿನ್ನ ಪೂರಿ


ಅಡಿಲೇಡ್
18 ಜುಲೈ 2024

ಪ್ರೀತಿಯ ಪೂರಿ,

ತಡವಾಯಿತು. ಕಾಗದ ತೆರೆದು ಬರೆಯಲು ಕೂರುತ್ತಿದ್ದೆ, ಎದ್ದು ಹೋಗುತ್ತಿದ್ದೆ.

ಎರಡನೆಯ ಕಾರಣ, ಸುಣ್ಣ. ಮಾಯಾ ಜನ ತಮ್ಮ ಗುಡಿ, ಅಂಗಳಗಳಿಗೆಲ್ಲ ಸುಣ್ಣದ ಗಾರೆ ಮೆತ್ತುತ್ತಿದ್ದರು. ಸುಣ್ಣದ ಕಲ್ಲು ಸುಡಬೇಕಾದರೆ ರಾಶಿ ಹಸಿಮರ ಬೇಕು. ಕಾಡು ಹೋದಂತೆ ನೆಲದ ತೇವ ಹೋಯಿತು, ಬರ ಇನ್ನೂ ಬಿಗಿಯಾಯಿತು ಎಂದು ಕೆಲವರ ವಾದ. ಅದನ್ನು ಓದುವಾಗ ನನಗೆ ಒಂದೇ ಯೋಚನೆ. ಒಳಗೆ ನೀರು ಕಮ್ಮಿಯಾಗುತ್ತಿದ್ದಾಗಲೂ ಗೋಡೆ ಬೆಳ್ಳಗೆ ಕಾಣಲಿ ಎಂದು ಇನ್ನೊಂದು ಪದರ ಮೆತ್ತುತ್ತಿದ್ದರಲ್ಲ, ಆ ಗಾರೆ ಮೆತ್ತುವವಳಿಗೆ ಗೊತ್ತಿತ್ತೇ?

ಮೂರನೆಯದು, ರಾಜರು. ಮಳೆ ತರಿಸುವವರು ತಾವೇ ಎಂದು ಅವರು ಜನರಿಗೆ ಮಾತು ಕೊಟ್ಟಿದ್ದರು. ಮಳೆ ಬರಲಿಲ್ಲ. ಜನ ದಂಗೆಯೆದ್ದರೋ ಇಲ್ಲವೋ ತಿಳಿಯದು, ನಂಬುವುದನ್ನಂತೂ ಬಿಟ್ಟಿರಬೇಕು. ನಾಲ್ಕನೆಯದು ಒಂದೂರಿಗೂ ಇನ್ನೊಂದೂರಿಗೂ ನಿಲ್ಲದ ಯುದ್ಧ, ಐದನೆಯದು ವ್ಯಾಪಾರದ ದಾರಿ ಸಮುದ್ರದ ಕಡೆಗೆ ಸರಿದದ್ದು. ಇವುಗಳಲ್ಲಿ ಯಾವುದು ನಿಜವಾದ ಕಾರಣ ಎಂದು ಮಕ್ಕಳು ಕೇಳಿದರೆ, ವಿದ್ವಾಂಸರೇ ಇನ್ನೂ ಜಗಳವಾಡುತ್ತಿದ್ದಾರೆ ಎಂದು ಹೇಳು.

ನನ್ನನ್ನು ಮುಟ್ಟಿದ್ದು ಬೇರೆ. ಅವರು ದೊಡ್ಡ ಕಲ್ಲುಗಳನ್ನು ನಿಲ್ಲಿಸಿ ಅವುಗಳ ಮೇಲೆ ತಾರೀಕು ಕೆತ್ತುತ್ತಿದ್ದರು. ಒಂದೊಂದೇ ಊರಿನಲ್ಲಿ ಅದು ನಿಂತುಹೋಗುತ್ತದೆ. 'ಇಲ್ಲಿಗೆ ಮುಗಿಯಿತು' ಎಂದು ಯಾರೂ ಕೆತ್ತಿಲ್ಲ. ಮುಂದಿನ ಕಲ್ಲು ನಿಲ್ಲಿಸಲಿಲ್ಲ, ಅಷ್ಟೇ.

ಮೇಜಿನ ವಿಷಯ ಬರೆದಿದ್ದೆಯಲ್ಲ. ಅದನ್ನು ಕೊಟ್ಟುಬಿಟ್ಟೆ. ಜಾಗ ಬೇಕಿತ್ತು. ಈಚೆಗೆ ಅಡುಗೆಯ ವಾಸನೆಯೇ ಆಗುವುದಿಲ್ಲ, ಬೇಗ ಸುಸ್ತಾಗುತ್ತದೆ. ಹಬ್ಬಕ್ಕೆ ಬರಲಾಗದು ಅನಿಸುತ್ತದೆ, ಬೇಸರ ಮಾಡಿಕೊಳ್ಳಬೇಡ. ನಿನಗೆ ಹೇಳಬೇಕಾದ್ದು ಒಂದಿದೆ. ಅಮ್ಮನಿಗೂ ಹೇಳಿಲ್ಲ. ಈಗಲ್ಲ, ಸ್ವಲ್ಪ ದಿನ ಹೋಗಲಿ.

ತನು


ಕ್ಯಾನಿಂಗ್ಟನ್
25 ಜುಲೈ 2024

ನನ್ನ ಬಂಗಾರ, ನನ್ನ ಕಳ್ಳಿ!!

ನನಗೆ ಗೊತ್ತಾಯಿತು! ನೀನು ಹೇಳದಿದ್ದರೆ ನನಗೆ ತಿಳಿಯದೇ? ಅಡುಗೆಯ ವಾಸನೆ ಆಗುವುದಿಲ್ಲ, ಸುಸ್ತು, ಪ್ರಯಾಣ ಮಾಡಲಾಗದು, ತೊಟ್ಟಿಲಿಗೆ ಜಾಗ ಮಾಡಲು ಮೇಜನ್ನೇ ಕೊಟ್ಟುಬಿಟ್ಟೆ! 'ಸ್ವಲ್ಪ ದಿನ ಹೋಗಲಿ' ಅಂತೆ! ಮೂರು ತಿಂಗಳು ತುಂಬುವವರೆಗೆ ಹೊಟ್ಟೆಯಲ್ಲಿರುವ ಸುದ್ದಿ ಹೊರಗೆ ಹೇಳಬಾರದು ಅಂತ ನಮ್ಮಮ್ಮನೂ ಅನ್ನುತ್ತಿದ್ದಳು. ನಾನು ಯಾರಿಗೂ ಹೇಳುವುದಿಲ್ಲ. ಉತ್ತಮ್‌ಗೆ ಮಾತ್ರ ಹೇಳಿದೆ. ಅವನು ಲೆಕ್ಕಕ್ಕಿಲ್ಲ, ಕನ್ನಡ ಓದಲು ಬರುವುದಿಲ್ಲ.

ನನಗೆ ಕಾಯಲು ಆಗಲಿಲ್ಲ. ಇವತ್ತೇ ಕ್ಯಾನಿಂಗ್ಟನ್‌ನ ಇಂಡಿಯನ್ ಅಂಗಡಿಗೆ ಓಡಿಹೋಗಿ ಹಸಿರು ಗಾಜಿನ ಬಳೆ ತಂದೆ. ದೇವರಾಜ ಮಾರುಕಟ್ಟೆಯಲ್ಲಿ ಬಳೆಯವನು ನಿನ್ನ ಕೈ ಹಿಸುಕಿ, "ಈ ಮಗೂದು ಗುಬ್ಬಿ ಕೈ" ಅಂದಿದ್ದನಲ್ಲ, ಅದೇ ಅಳತೆ. ಜೊತೆಗೆ ಮಾವಿನಕಾಯಿ ಉಪ್ಪಿನಕಾಯಿ. ಇನ್ನೊಂದು ಪುಟಾಣಿ ಉಲ್ಲನ್ ಟೋಪಿ, ಹಳದಿಯದು, ಹುಡುಗನಾದರೂ ಹುಡುಗಿಯಾದರೂ ಆಗುತ್ತದೆ. ಎಲ್ಲವನ್ನೂ ಡಬ್ಬಿಗೆ ಹಾಕಿ ಕೊರಿಯರ್ ಮಾಡಿದೆ. ಕೊರಿಯರ್‌ನವರು ಪೋಸ್ಟ್ ಬಾಕ್ಸಿಗೆ ಕೊಡುವುದಿಲ್ಲವಂತೆ, ಅದಕ್ಕೆ ಪ್ರಾಸ್ಪೆಕ್ಟ್ ಮನೆಯ ವಿಳಾಸವನ್ನೇ ಬರೆದೆ. ಸಂತೋಷ ಇಬ್ಬರದೂ ಅಲ್ಲವೇ, ಇಬ್ಬರ ಹೆಸರನ್ನೂ ದೊಡ್ಡದಾಗಿ ಬರೆದಿದ್ದೇನೆ.

ಬಾಗಿನವನ್ನು ನಾನೇ ಬಂದು ಕೊಡುತ್ತೇನೆ, ನೀನು ಅಲ್ಲಾಡಬೇಡ. ಕಾರಣಗಳೆಲ್ಲ ಸಾಕು. ಮಾಯಾದವರು ಹಾಳಾಗಿ ಹೋಗಲಿ!

ಚಿಕ್ಕಮ್ಮ ಆಗಲಿರುವ,
ಪೂರಿ


ಕ್ಯಾನಿಂಗ್ಟನ್
6 ಆಗಸ್ಟ್ 2024

ತನೂ,

ಪಾರ್ಸೆಲ್ ಸಿಕ್ಕಿತಾ? ಬಳೆ ಒಡೆದಿಲ್ಲ ತಾನೇ? ಉಪ್ಪಿನಕಾಯಿ ಸೋರಿದೆಯಾ? ಮೆಸೇಜಿಗೂ ಉತ್ತರವಿಲ್ಲ. ವಿಶ್ರಾಂತಿಯಲ್ಲಿದ್ದೀಯ ಅಂದುಕೊಂಡಿದ್ದೇನೆ. ಒಂದು ಸಾಲು ಬರಿ. ಒಂದು ಹಾರ್ಟ್ ಕಳಿಸಿದರೂ ಸಾಕು, ನಾನು ಬೈಯುವುದಿಲ್ಲ.

ಪೂರಿ


ಕ್ಯಾನಿಂಗ್ಟನ್
9 ಆಗಸ್ಟ್ 2024

ತನು,

ಈ ಮಧ್ಯಾಹ್ನ ವರುಣನ ಫೋನ್ ಬಂತು.

"ಪೂರ್ವಿ, ಒಂದು ಪಾರ್ಸೆಲ್ ಬಂದಿದೆ. ನನ್ನ ಹೆಸರೂ ಇತ್ತು, ಅದಕ್ಕೆ ಒಡೆದೆ. ತನು ಇಲ್ಲಿಲ್ಲ."

"ಲ್ಯಾಬಿಗೆ ಹೋಗಿದ್ದಾಳಾ?" ಅಂದೆ. ನಾನು ಅಂಥ ಪೆದ್ದಿ.

"ಮಾರ್ಚಿಂದ ಇಲ್ಲ. ನಾವು ಬೇರೆ ಬೇರೆ ಇದ್ದೀವಿ. ನಿಮಗೆ ಹೇಳಿರ್ತಾಳೆ ಅಂದ್ಕೊಂಡಿದ್ದೆ." ಡಬ್ಬಿಯೊಳಗೆ ಕೈಯಾಡಿಸುವ ಸದ್ದು ಕೇಳಿತು. "ಇದರಲ್ಲಿ ಒಂದು ಟೋಪಿ ಇದೆ. ಅವಳು ಹುಷಾರಾಗಿದ್ದಾಳಾ ಪೂರ್ವಿ? ನನಗೆ ಗೊತ್ತಾಗಬೇಕಾದ್ದು ಏನಾದ್ರೂ ಇದೆಯಾ?"

ನನಗೇನೂ ಗೊತ್ತಿಲ್ಲ, ಟೋಪಿ ನನ್ನ ತಲೆಯಿಂದ ಹುಟ್ಟಿದ್ದು ಎಂದೆ. ಡಬ್ಬಿಯನ್ನು ನಿನ್ನ ಲ್ಯಾಬಿಗೆ ಕಳಿಸುತ್ತೇನೆ ಎಂದ.

ಏನು ಬರೆಯಲಿ? ನಿನ್ನ ಕಾಗದಗಳನ್ನೆಲ್ಲ ಮತ್ತೆ ತೆಗೆದು ಓದಿದೆ. ಎಲ್ಲವೂ ಅಲ್ಲೇ ಇತ್ತು. ನಾನು ಒಣಗಿದ ಮರದ ಮುಂದೆ ನಿಂತು ಫೋಟೋ ತೆಗೆಸಿಕೊಂಡವಳು.

ಯಾಕೆ ತನೂ? ಏನಾಯಿತು? ಅವನು ಏನಾದರೂ ಮಾಡಿದನಾ? ಯಾಕೆ ಹೀಗಾಯಿತು?

ಪೂರ್ವಿ


ಅಡಿಲೇಡ್
14 ಆಗಸ್ಟ್ 2024

ಪ್ರೀತಿಯ ಪೂರಿ,

ನಿನ್ನ ಮೇಲೆ ಕೋಪ ಬಂದಿತ್ತು. ಡಬ್ಬಿ ಲ್ಯಾಬಿಗೆ ಬಂದ ದಿನ ಅದನ್ನು ಮಣ್ಣಿನ ಚೀಲಗಳ ಹಿಂದೆ ತಳ್ಳಿಬಿಟ್ಟೆ.

ಅದಕ್ಕೆ ಮುಂಚೆ ವರುಣ ಫೋನ್ ಮಾಡಿದ್ದ. ಮಾರ್ಚ್ ಆದ ಮೇಲೆ ವಕೀಲರನ್ನು ಬಿಟ್ಟು ನಾವಿಬ್ಬರೇ ಮಾತಾಡಿದ್ದು ಅದೇ ಮೊದಲು. "ಹೌದಾ?" ಎಂದು ಕೇಳಿದ. "ಇಲ್ಲ" ಎಂದೆ. ಆಮೇಲೆ ಇಬ್ಬರೂ ಫೋನ್ ಇಡಲಿಲ್ಲ. ಮಗು ಬೇಕೋ ಬೇಡವೋ ಎಂದು ಒಂದು ದಿನವೂ ನಾವು ಬಾಯಿಬಿಟ್ಟು ಕೇಳಿಕೊಂಡವರಲ್ಲ. ನಿನ್ನ ಆ ಹಳದಿ ಟೋಪಿ ನಮ್ಮ ಬಾಯಿಂದ ಅದನ್ನು ಕೇಳಿಸಿತು. "ಇದ್ದಿದ್ರೆ ಚೆನ್ನಾಗಿರ್ತಿತ್ತು ಅನ್ಸುತ್ತೆ" ಎಂದ. ಅವನು ಅಳುತ್ತಿದ್ದ. ನಾನು ಅಳಲಿಲ್ಲ. ಆ ಮಾತನ್ನು ಎರಡು ವರ್ಷದ ಹಿಂದೆ ಹೇಳಿದ್ದರೆ ಎಂದುಕೊಂಡೆ.

ಯಾಕೆ ಎಂದು ಕೇಳಿದೆ. ಎಲ್ಲರೂ ಮುಂದೆ ಕೇಳುವುದು ಅದನ್ನೇ, ಅದಕ್ಕೇ ಯಾರಿಗೂ ಹೇಳಲಿಲ್ಲ. ಅವನು ಕುಡಿಯುತ್ತಿರಲಿಲ್ಲ, ಹೊಡೆಯಲಿಲ್ಲ, ಇನ್ನೊಬ್ಬಳಿರಲಿಲ್ಲ. ಅಂಥದ್ದೊಂದು ಇದ್ದಿದ್ದರೆ ಅಮ್ಮನಿಗೆ ಹೇಳಲು ಸುಲಭವಾಗುತ್ತಿತ್ತು. ನೀನು ಮೆಚ್ಚಿದ ಆ ಮೇಜು ಇತ್ತಲ್ಲ, ಪ್ರತಿ ಭಾನುವಾರ ಅದರ ಸುತ್ತ ಜನ ಕೂರಿಸುತ್ತಿದ್ದೆ. ಹೋಳಿಗೆ, ಬಿಸಿಬೇಳೆ ಭಾತ್, ಗಲಾಟೆ. ಯಾಕೆ ಗೊತ್ತಾ? ಜನ ಇಲ್ಲದ ಭಾನುವಾರ ನಾವಿಬ್ಬರೇ ಆ ಮೇಜಿಗೆ ಕೂತರೆ ಚಮಚದ ಸದ್ದು ಬಿಟ್ಟು ಏನೂ ಕೇಳುತ್ತಿರಲಿಲ್ಲ. ನಾನು ಸುಣ್ಣ ಮೆತ್ತುತ್ತಿದ್ದೆ, ಪೂರಿ. ಮುಂದಿನ ವರ್ಷ ಎಲ್ಲ ಸರಿಹೋಗುತ್ತದೆ ಎಂದು ಅವನು ಹೇಳುತ್ತಿದ್ದ, ನಾನು ನಂಬುತ್ತಿದ್ದೆ. ಆಮೇಲೆ ಅವನು ಹೇಳುವುದನ್ನು ಬಿಟ್ಟ. ಮಾರ್ಚಿನಲ್ಲಿ ಒಂದು ದಿನ ಎರಡು ಚೀಲ ತೆಗೆದುಕೊಂಡು ಹೊರಟೆ. ಮೇಜು ಅಲ್ಲೇ ಉಳಿಯಿತು, ಜಾಗಕ್ಕಾಗಿ ಕೊಟ್ಟುಬಿಟ್ಟೆ ಎಂದದ್ದು ನೆಪ. ಈಗ ಲ್ಯಾಬಿನ ಹತ್ತಿರ ಒಂದು ಕೋಣೆ ಮಾಡಿದ್ದೇನೆ.

ನಿನಗೆ ಹೇಳದೆ ಇದ್ದದ್ದು ನಿನ್ನನ್ನು ನಂಬದೆ ಅಲ್ಲ. ನಿನ್ನ ಕಾಗದಗಳಲ್ಲಿ ಅಷ್ಟು ಬೆಳಕಿತ್ತು. ಅದರಲ್ಲಿ ನಾನಿನ್ನೂ ಪ್ರಾಸ್ಪೆಕ್ಟ್‌ನ ಆ ಮನೆಯ ಯಜಮಾನಿ. ಸ್ವಲ್ಪ ದಿನ ಅಲ್ಲೇ ಇದ್ದುಕೊಳ್ಳೋಣ ಅನಿಸಿತು.

ಹಬ್ಬಕ್ಕೆ ಕರೆಯಬೇಡ. ನಿನ್ನ ಮೊದಲ ಗೌರಿ. ಅತ್ತೆ ಬರುತ್ತಾರೆ, ಊರಿನ ಮುತ್ತೈದೆಯರೆಲ್ಲ ರೇಷ್ಮೆ ಸೀರೆಯುಟ್ಟು ಸೇರುತ್ತಾರೆ. ಅವರ ನಡುವೆ ಬಾಗಿನ ಹಿಡಿಯಲು ನಾನು ಯಾರು? ಎಲ್ಲರೂ ಕಣ್ಣಲ್ಲೇ ಕಾರಣ ಕೇಳುತ್ತಾರೆ. ಈ ತಿಂಗಳ ಕೊನೆಗೆ ಪೋಸ್ಟ್ ಬಾಕ್ಸ್ ಮುಚ್ಚುತ್ತಿದ್ದೇನೆ. ಸ್ವಲ್ಪ ಕಾಲ ಬರೆಯಬೇಡ. ನೀನು ಚೆನ್ನಾಗಿರು.

ತನು


ಕ್ಯಾನಿಂಗ್ಟನ್
20 ಆಗಸ್ಟ್ 2024

ತನೂ,

ಬರೆಯಬೇಡ ಅಂದೆ. ಬರೆಯುತ್ತಿದ್ದೇನೆ. ತಿಂಗಳು ಮುಗಿಯಲು ಇನ್ನೂ ದಿನವಿದೆ.

ಮೊದಲು ನನ್ನ ಬೆಳಕಿನ ವಿಷಯ ಹೇಳಿಬಿಡುತ್ತೇನೆ. ಉತ್ತಮ್ ಗಣಿಗೆ ಆಗಾಗ ಹೋಗಿಬರುತ್ತಾನೆ ಅಂದಿದ್ದೆನಲ್ಲ, ಅದು ಉಲ್ಟಾ. ಅವನು ಆಗಾಗ ಮನೆಗೆ ಬಂದುಹೋಗುತ್ತಾನೆ. ಎರಡು ವಾರ ಅಲ್ಲಿ, ಒಂದು ವಾರ ಇಲ್ಲಿ. ಅವನಿಲ್ಲದಾಗ ಈ ಮನೆಯಲ್ಲಿ ಫ್ರಿಜ್ಜಿನ ಸದ್ದು ಬಿಟ್ಟರೆ ಇನ್ನೇನೂ ಇಲ್ಲ. ಅದಕ್ಕೇ ಬಸ್ ಡ್ರೈವರಿಗೆ, ಪೆಟ್ರೋಲ್ ಬಂಕಿನಲ್ಲಿ ದುಡ್ಡು ತಗೊಳ್ಳುವವನಿಗೆ ಎಲ್ಲರಿಗೂ ಮದುವೆಯಾದ ಸುದ್ದಿ ಹೇಳುವುದು. ನಾವು ಚೆನ್ನಾಗಿಯೇ ಇದ್ದೇವೆ, ಹೆದರಬೇಡ. ಆದರೆ ನಿನ್ನ ಕಾಗದ ಓದಿದ ಮೇಲೆ ಅವನಿಗೆ ಫೋನ್ ಮಾಡಿ, "ನೀನಿಲ್ಲದೆ ನನಗೆ ತುಂಬಾ ಬೇಜಾರಾಗುತ್ತೆ ಕಣೋ" ಎಂದು ಮೊದಲ ಸಲ ಜೋರಾಗಿ ಹೇಳಿದೆ. ಅವನು ಕನ್ನಡದಲ್ಲಿ, "ನಂಗೂ" ಅಂದ. ಕನ್ನಡದಲ್ಲಿ! ಅದನ್ನು ನಿನ್ನ ಲೆಕ್ಕಕ್ಕೆ ಬರೆದುಕೋ.

ಪಾಠ ನಿನ್ನೆ ಆಯಿತು. ನೀನು ಕೊಟ್ಟ ಕಾರಣಗಳನ್ನೆಲ್ಲ ಹೇಳಿದೆ. ಕೊನೆಯ ಸಾಲಿನ ಒಬ್ಬ ಹುಡುಗಿ, ಇಷ್ಟೆಲ್ಲ ಆದ ಮೇಲೆ ಆ ಜನ ಎಲ್ಲಿ ಹೋದರು ಎಂದು ಕೇಳಿದಳು. ಎಲ್ಲೂ ಹೋಗಿಲ್ಲ, ಕೆಲವರು ಉತ್ತರದ ಊರುಗಳಿಗೆ ನಡೆದರು, ಕೆಲವರು ಅಲ್ಲೇ ಸಣ್ಣ ಹಳ್ಳಿಗಳಲ್ಲಿ ಜೋಳ ಬಿತ್ತಿಕೊಂಡರು, ಇವತ್ತೂ ಲಕ್ಷಾಂತರ ಮಂದಿ ಅದೇ ನುಡಿಗಳನ್ನು ಆಡುತ್ತಾರೆ ಎಂದೆ. "ಹಾಗಾದ್ರೆ ಅಳಿದದ್ದು ಏನು ಮಿಸ್?" ಅಂದಳು. ರಾಜರ ಮನೆಗಳು ಎಂದೆ. ಬೆಲ್ ಆಯಿತು.

ಈಗ ಕೇಳು. ನಿನ್ನ ಹೆಸರು ಎತ್ತದೆ ಬ್ರಿಸ್ಬೇನಿಗೆ ಫೋನ್ ಮಾಡಿದೆ. "ಅತ್ತೆ, ಗಂಡನಿಂದ ಬೇರೆಯಾಗಿರೋ ಫ್ರೆಂಡ್‌ಗೆ ಬಾಗಿನ ಕೊಡಬಹುದಾ?"

"ಯಾರು, ನಿನ್ನ ತನುಶ್ರೀನಾ?"

"ನಿಮಗೆ ಹೇಗೆ ಗೊತ್ತು ಅತ್ತೆ?"

"ಮದುವೇಲಿ ನೋಡಿದ್ನಲ್ಲೇ. ಎಲ್ರ ಫೋಟೋ ತೆಗೀತಿದ್ಲು, ತಾನು ಒಂದ್ರಲ್ಲೂ ನಿಲ್ಲಲಿಲ್ಲ. ಊಟಕ್ಕೆ ಕೂರಮ್ಮ ಅಂದ್ರೆ ಬಡಿಸೋಕೆ ನಿಂತ್ಲು. ಪಕ್ಕದ ಎಲೆ ಖಾಲಿ ಕಾಣ್ಬಾರ್ದಲ್ಲ, ಅದಕ್ಕೆ."

"ಹಾಗಾದ್ರೆ ಕೊಡಬಹುದಾ?"

"ಗೌರಿ ಹಬ್ಬ ಅಂದ್ರೆ ಏನು ಹೇಳು? ಗೌರಿ ತವರಿಗೆ ಬರೋದು. ಜೊತೇಲಿ ಶಿವ ಬರ್ತಾನಾ? ಒಬ್ಬಳೇ ಬರ್ತಾಳೆ. ಯಾಕಮ್ಮ ಒಬ್ಬಳೇ ಬಂದೆ, ಏನಾಯ್ತು ಅಂತ ತವರಲ್ಲಿ ಯಾರಾದ್ರೂ ಬಾಗಿಲಲ್ಲಿ ನಿಲ್ಸಿ ಕೇಳ್ತಾರಾ? ಕಾಲಿಗೆ ನೀರು ಕೊಟ್ಟು ಮಡಿಲು ತುಂಬ್ತಾರೆ."

"ಶಾಸ್ತ್ರದಲ್ಲಿ ಹಾಗಿದೆಯಾ ಅತ್ತೆ?"

"ಶಾಸ್ತ್ರ ನಂಗೇನು ಗೊತ್ತು. ನಾನು ಈ ದೇಶಕ್ಕೆ ಬಂದಾಗ ಮೊರ ಸಿಗ್ತಿರ್ಲಿಲ್ಲ, ಪಿಜ್ಜಾ ಟ್ರೇಗೆ ಅರಿಶಿನ ಹಚ್ಚಿ ಬಾಗಿನ ಕೊಟ್ಟೆ. ಗೌರಿ ಏನೂ ಅನ್ಲಿಲ್ಲ. ಬೇರೆಯವರು ಅಂದ್ರೆ ನಾನು ನೋಡ್ಕೋತೀನಿ. ಆ ಹುಡುಗಿಗೆ ಹೇಳು, ಬರೋವಾಗ ಹಣ್ಣು, ಜೇನುತುಪ್ಪ ತರೋದು ಬೇಡ, ಪರ್ತ್ ಏರ್‌ಪೋರ್ಟಲ್ಲಿ ಕಿತ್ಕೊಂಡು ಕಸಕ್ಕೆ ಹಾಕ್ತಾರೆ. ಮನೆಗೆ ಬರೋ ಮಗಳು ಬರೀಗೈಲಿ ಬಂದ್ರೆ ಸಾಕು."

ಅಷ್ಟೇ ತನೂ. ನಮ್ಮ ಬಾಗಿಲಲ್ಲಿ ಕಾಲಿಗೆ ನೀರು ಇಟ್ಟಿರುತ್ತೇನೆ. ಯಾಕೆ ಎಂದು ಒಮ್ಮೆ ಕೇಳಿದೆ, ಇನ್ನು ಕೇಳುವುದಿಲ್ಲ. ಆ ಡಬ್ಬಿಯನ್ನು ತೆರೆಯದೆ ಬಿಸಾಡಿಬಿಡು.

ಪೂರಿ


ಅಡಿಲೇಡ್
30 ಆಗಸ್ಟ್ 2024

ಪೂರಿ,

ಈ ಕಾಗದ ಮೊದಲು ಬರುತ್ತದೋ ನಾನು ಮೊದಲು ಬರುತ್ತೇನೋ ಗೊತ್ತಿಲ್ಲ. ಐದನೆಯ ತಾರೀಕು, ಗುರುವಾರ ಸಂಜೆಯ ವಿಮಾನ.

ನಿನ್ನೆ ಅಮ್ಮನಿಗೆ ಫೋನ್ ಮಾಡಿ ಹೇಳಿದೆ. "ಯಾಕೆ" ಎಂದಳು. ನಾಳೆ ಹೇಳುತ್ತೇನೆ ಎಂದೆ. ಆಮೇಲೆ, "ಊಟ ಆಯ್ತಾ" ಎಂದು ಕೇಳಿದಳು. ಅಲ್ಲಿಗೆ ನನ್ನ ಕಟ್ಟೆ ಒಡೆಯಿತು. ಮಾರ್ಚಿನಿಂದ ಹಿಡಿದಿಟ್ಟಿದ್ದೆಲ್ಲ.

ಡಬ್ಬಿ ಬಿಸಾಡಲಿಲ್ಲ. ಉಪ್ಪಿನಕಾಯಿಯನ್ನು ಮೊಸರನ್ನಕ್ಕೆ ನಂಚಿಕೊಂಡು ಮುಗಿಸುತ್ತಿದ್ದೇನೆ, ಅಡುಗೆಯ ವಾಸನೆ ಈಗ ಆಗುತ್ತದೆ. ಟೋಪಿಯನ್ನು ಎತ್ತಿಟ್ಟಿದ್ದೇನೆ, ಮುಂದೊಂದು ದಿನ ನಿನ್ನ ಮನೆಗೇ ಬೇಕಾಗಬಹುದು, ನಾಚಿಕೊಳ್ಳಬೇಡ. ಬಳೆ ಮಾತ್ರ ನನ್ನ ಕೈಗೆ ಚಿಕ್ಕದು. ಗುಬ್ಬಿ ಕೈ ಒಂಬತ್ತನೇ ಕ್ಲಾಸಿನದು ಮಾರಾಯ್ತಿ! ಸೋಪು ಹಚ್ಚಿ ಒಂದೊಂದಾಗಿ ಏರಿಸಿದೆ, ಇನ್ನು ಒಡೆದರೇ ತೆಗೆಯಲಾಗುವುದು. ಲ್ಯಾಬಿನಲ್ಲಿ ಮಣ್ಣು ಜರಡಿ ಹಿಡಿಯುವಾಗಲೆಲ್ಲ ಸದ್ದು ಮಾಡುತ್ತವೆ. ಇಷ್ಟು ತಿಂಗಳಾದ ಮೇಲೆ ನನ್ನ ಸುತ್ತ ಒಂದು ಸದ್ದು.

ನಿಮ್ಮ ಅತ್ತೆಗೆ ಹೇಳು, ಬರೀಗೈಯಲ್ಲೇ ಬರುತ್ತೇನೆ. ಸಕ್ಕರೆ ಕ್ಯೂಬಿನ ಒಂದು ಡಬ್ಬಿ ಮಾತ್ರ ತರುತ್ತಿದ್ದೇನೆ, ಅದಕ್ಕೆ ಏರ್‌ಪೋರ್ಟಿನಲ್ಲಿ ತಕರಾರಿಲ್ಲ ಎಂದು ವಿಚಾರಿಸಿದೆ. ಉತ್ತಮ್ ಮನೆಯಲ್ಲಿದ್ದರೆ ಅಂಟು ಕಲಸಲಿ. ಒಬ್ಬರು ಕೂರಿಸೋಣ, ಒಬ್ಬರು ತಿನ್ನೋಣ. ಆಗ ನಿನಗೆ ಎಲ್ಲ ಹೇಳುತ್ತೇನೆ. ಕೇಳುವುದಿಲ್ಲ ಅಂದೆಯಲ್ಲ, ಅದಕ್ಕೇ.

ಹಬ್ಬದ ದಿನ ರೇಷ್ಮೆ ಸೀರೆಯವರು ಯಾರಾದರೂ, "ನಿನ್ನ ಫ್ರೆಂಡ್ ಯಾಕೆ ಒಬ್ಬಳೇ ಬಂದಿದ್ದಾಳೆ, ಅಷ್ಟು ಒಳ್ಳೆ ಸಂಸಾರ ಹೇಗೆ ಹಾಳಾಯ್ತು" ಎಂದು ನಿನ್ನನ್ನು ಮೂಲೆಗೆ ಕರೆದು ಕೇಳಿದರೆ ತಬ್ಬಿಬ್ಬಾಗಬೇಡ. ಕೈಕಟ್ಟಿ ನೆಟ್ಟಗೆ ನಿಂತುಕೋ. ಅವತ್ತು ಫಿಲೋಮಿನಾ ಮಿಸ್‌ಗೆ ಕೊಟ್ಟ ಉತ್ತರವನ್ನೇ ಕೊಡು.

ನಿನ್ನ ತನು